ಬಿಪಿ ಮಾತ್ರೆ ತಗೊಂಡು ಹಾಫ್ ಮ್ಯಾರಥಾನ್: ಓಡಿ ನಿಂತ ಮೇಲೆ ಕಣ್ಣು ಕತ್ತಲೆ ಬರೋದ್ಯಾಕೆ?

ಪ್ರಶ್ನೆ: ಡಾಕ್ಟ್ರೇ, ನಂಗೆ 64. ಬ್ಯಾಂಕಿಂದ ರಿಟೈರ್ ಆಗಿ ಮೈಸೂರಲ್ಲೇ ಇದೀನಿ. ಆರು ವರ್ಷದ ಹಿಂದೆ ಬಿಪಿ 170/100 ಇದೆ ಅಂತ ಎರಡು ಮಾತ್ರೆ ಬರ್ಕೊಟ್ರು, ಟೆಲ್ಮಿಸಾರ್ಟನ್ 40ರ ಜೊತೆ ಎಚ್ ಅಂತ ಇರೋದು ಒಂದು, ಮೆಟೊಪ್ರೊಲಾಲ್ 50 ಒಂದು, ಎರಡೂ ಬೆಳಗ್ಗೆ. ಆವಾಗ ಹೆದರಿ ಕುಕ್ಕರಹಳ್ಳಿ ಕೆರೆ ಸುತ್ತ ವಾಕಿಂಗ್ ಶುರು ಮಾಡಿದ್ದು, ಅದು ಓಟ ಆಯ್ತು, ಈಗ ವರ್ಷಕ್ಕೆ ಮೂರು ಹಾಫ್ ಮ್ಯಾರಥಾನ್, ಅಂದ್ರೆ 21 ಕಿಲೋಮೀಟರ್, ಓಡ್ತೀನಿ. ತೂಕ 79 ಇದ್ದಿದ್ದು 70 ಆಗಿದೆ. ತೊಂದ್ರೆ ಏನಂದ್ರೆ ಎಷ್ಟೇ ಒದ್ದಾಡಿದ್ರೂ ವಾಚಲ್ಲಿ ಹಾರ್ಟ್ ರೇಟ್ 120 ದಾಟಲ್ಲ, ಕಾಲು ಕಲ್ಲಾಗತ್ತೆ, 15 ಕಿಲೋಮೀಟರ್ ಆದ್ಮೇಲೆ ಮೀನಖಂಡ ಹಿಡ್ಕೊಳ್ಳತ್ತೆ. ಹೋದ ತಿಂಗಳು, ಏಪ್ರಿಲಲ್ಲಿ, 18 ಕಿಲೋಮೀಟರ್ ಮುಗಿಸಿ ದರ್ಶಿನೀಲಿ ನಿಂತ್ಕೊಂಡು ಇಡ್ಲಿ ತಿಂತಾ ಇದ್ದಾಗ ಕಣ್ಣು ಕತ್ತಲೆ ಬಂದು ಪಕ್ಕದಲ್ಲಿದ್ದವ್ರ ಮೇಲೆ ಬಿದ್ದೆ. ಅರ್ಧ ನಿಮಿಷಕ್ಕೆ ಸರಿಹೋಯ್ತು. ಗ್ರೂಪಲ್ಲಿ ಒಬ್ರು ರೇಸ್ ದಿನ ಬಿಪಿ ಮಾತ್ರೆ ತಗೋಬೇಡಿ ಅಂತಾರೆ, ಇನ್ನೊಬ್ರು ಇಂಗ್ಲಿಷ್ ಮಾತ್ರೆ ಬಿಟ್ಟು ಸರ್ಪಗಂಧ ಪುಡಿ ತಗೊಳ್ಳಿ, ಸೈಡ್ ಎಫೆಕ್ಟೇ ಇಲ್ಲ ಅಂತಾರೆ. ಮನೆಯವ್ಳು ಓಡೋದೇ ಬೇಡ ಅಂತ ಶೂ ಎತ್ತಿಟ್ಟಿದಾಳೆ. ಮಂಡಿ ನೋವಿಗೆ ಲಾಂಗ್ ರನ್ ಮುಂಚೆ ಒಂದು ಡೈಕ್ಲೋಫೆನಾಕ್ ನುಂಗ್ತೀನಿ, ಅಷ್ಟೇ, ಬೇರೆ ಏನೂ ಇಲ್ಲ. ಆರು ವಾರದಲ್ಲಿ ರೇಸ್ ಇದೆ. ಇಷ್ಟು ಓಡಿದ್ರೂ ಬಿಪಿ ಯಾಕೆ ಹೋಗಿಲ್ಲ? ನಾನೇನು ಮಾಡ್ಲಿ?

ಉತ್ತರ: ಸರ್, ನೀವು ಕೇಳಿರೋದು ಮಾತ್ರೆ ಬಿಡ್ಬಹುದಾ ಅಂತ, ಆದ್ರೆ ನಾನು ಮೊದ್ಲು ನಿಂತಿದ್ದು ಇಡ್ಲಿ ತಿಂತಾ ಬಿದ್ದೆ ಅನ್ನೋ ಸಾಲಲ್ಲಿ. ಓಡ್ತಾ ಓಡ್ತಾನೇ ಬಿದ್ದಿದ್ರೆ ಇಷ್ಟುದ್ದ ಉತ್ತರ ಬರೀತಾ ಕೂರ್ತಿರ್ಲಿಲ್ಲ, ನಾಳೆ ಬೆಳಗ್ಗೆನೇ ಹಾರ್ಟ್ ಡಾಕ್ಟ್ರ ಹತ್ರ ಹೋಗಿ, ಅಲ್ಲೀವರೆಗೆ ಮನೆಯವ್ರು ಶೂ ಎತ್ತಿಟ್ಟಿದ್ದೇ ಸರಿ ಅಂತ ಎರಡು ಸಾಲಲ್ಲಿ ಮುಗಿಸ್ತಿದ್ದೆ. ಜೋರಾಗಿ ಓಡ್ತಾ ಇರೋವಾಗ, ಏರು ಹತ್ತೋವಾಗ ತಲೆ ತಿರುಗೋದು, ಎಚ್ಚರ ತಪ್ಪೋದು, ಎದೆ ಬಿಗಿ ಹಿಡಿಯೋದು, ಇದೆಲ್ಲ ಬೇರೆ ವಿಷ್ಯ. ಈ ವಯಸ್ಸಲ್ಲಿ ಅಯೋರ್ಟಿಕ್ ವಾಲ್ವ್ ಕಿರಿದಾಗಿರ್ಬಹುದು, ಹಾರ್ಟ್ ರಕ್ತನಾಳದಲ್ಲಿ ಬ್ಲಾಕ್ ಇರ್ಬಹುದು, ಬಡಿತದ ತಾಳ ತಪ್ಪಿರ್ಬಹುದು. ಓಡಿ ನಿಂತ ಮೇಲೆ, ಕಾಲು ಗಂಟೆ ಅರ್ಧ ಗಂಟೆ ಒಳಗೆ, ನಿಂತಲ್ಲೇ ಕಣ್ಣು ಕತ್ತಲೆ ಬಂದು ಮಲಗಿದ ತಕ್ಷಣ ಸರಿಹೋದ್ರೆ ಹೆಚ್ಚಿನ ಸಲ ಅದು ಬಿಪಿ ಇಳಿದಿದ್ದು. ನಿಮ್ಮದು ಎರಡನೇ ತರ ಅಂತ ಕಾಣತ್ತೆ. ಕಾಣತ್ತೆ ಅಂತಷ್ಟೇ ಹೇಳ್ತಿದೀನಿ, ಪತ್ರ ಓದಿ ಸ್ಟೆತಸ್ಕೋಪ್ ಇಡೋಕಾಗಲ್ಲ ನೋಡಿ, ಹಂಗಾಗಿ ಒಂದು ಇಸಿಜಿ, ಒಂದು ಎಕೋ ಮಾಡಿಸ್ಲೇಬೇಕು. ಅವು ಸರಿ ಇದಾವೆ ಅಂತ ಇಟ್ಕೊಂಡೇ ಮುಂದಿನ ಮಾತು.

ನಿಂತ ಮೇಲೆ ಯಾಕೆ ಬೀಳ್ತೀವಿ ಅಂದ್ರೆ, ನಮ್ಮೂರಲ್ಲಿ ಹಳೇ ಕೈಪಂಪಿನ ಬೋರ್‌ವೆಲ್ ಇರ್ತಿತ್ತಲ್ಲ, ಹಿಡಿ ಒತ್ತೋವರೆಗೂ ನೀರು ಮೇಲೆ, ಕೈ ಬಿಟ್ರೆ ನೀರು ಕೆಳಗೆ. ಓಡೋವಾಗ ಕಾಲಿನ ಮಾಂಸಖಂಡ ಅದೇ ಕೆಲಸ ಮಾಡತ್ತೆ, ಪ್ರತಿ ಹೆಜ್ಜೆಗೂ ಕಾಲಲ್ಲಿರೋ ರಕ್ತನ ಹಿಂಡಿ ಮೇಲಕ್ಕೆ ಹಾರ್ಟಿಗೆ ಕಳ್ಸತ್ತೆ. 18 ಕಿಲೋಮೀಟರ್ ಓಡಿದ ಕಾಲಲ್ಲಿ ರಕ್ತನಾಳ ಎಲ್ಲ ಪೂರ್ತಿ ಅಗಲ ಆಗಿರ್ತವೆ, ಮೈ ಬಿಸಿ ಇಳಿಸೋಕೆ ಚರ್ಮದ ರಕ್ತನಾಳನೂ ತೆರ್ಕೊಂಡಿರ್ತವೆ, ಬೆವರಲ್ಲಿ ಒಂದು ಲೀಟರ್ ಮೇಲೆ ನೀರು ಹೋಗಿರತ್ತೆ. ಇಂಥ ಹೊತ್ತಲ್ಲಿ ನೀವು ಟಕ್ ಅಂತ ನಿಂತ್ರಿ, ಅಂದ್ರೆ ಪಂಪ್ ನಿಲ್ತು. ಮೇಲಿಂದ ಇಡ್ಲಿ ತಿಂದ್ರಿ, ರಕ್ತ ಹೊಟ್ಟೆ ಕಡೆ ಹೊರಟ್ತು, ವಯಸ್ಸಾದವ್ರಲ್ಲಿ ಬರೀ ಊಟ ತಿಂಡಿಗೇ ಬಿಪಿ ಇಳಿಯೋದುಂಟು. ದರ್ಶಿನೀಲಿ ಕೂರೋಕೆ ಜಾಗ ಬೇರೆ ಇರಲ್ಲ. ಭಾನುವಾರ ಬೆಳಗ್ಗೆ ಓಡಿ ಬಂದು ಕಲ್ಲಿನ ಟೇಬಲ್ ಹಿಡ್ಕೊಂಡು ನಿಂತು ತಿಂಡಿ ತಿನ್ನೋ ಅರವತ್ತು ದಾಟಿದವ್ರನ್ನ ಕಂಡಾಗೆಲ್ಲ ನಂಗೆ ಒಂದು ಕುರ್ಚಿ ಹಾಕ್ಕೊಡೋಣ ಅನ್ಸತ್ತೆ.

ಮಾತ್ರೆ ಇಲ್ಲದವ್ರಿಗೂ ಇದು ಆಗತ್ತೆ. ಆದ್ರೆ ಬಿಪಿ ಹಿಂಗೆ ಜಾರೋವಾಗ ದೇಹ ಸುಮ್ನೆ ಕೂರಲ್ಲ, ಅದಕ್ಕೆ ಹಿಡ್ಕೊಳ್ಳೋಕೆ ಮೂರು ಕೈ ಇದಾವೆ ಅನ್ಕೊಳ್ಳಿ. ಒಂದು, ಹಾರ್ಟ್ ಜೋರಾಗಿ ಹೊಡ್ಕೊಳ್ಳೋದು. ಎರಡು, ರಕ್ತನಾಳ ಬಿಗಿ ಮಾಡೋದು. ಮೂರು, ಕಿಡ್ನಿ ಉಪ್ಪು ನೀರನ್ನ ಹೊರಗೆ ಬಿಡದೆ ಹಿಡಿದಿಡೋದು. ಈಗ ನಿಮ್ಮ ಮಾತ್ರೆಗಳನ್ನ ನೋಡಿ. ಮೆಟೊಪ್ರೊಲಾಲ್ ಮೊದಲನೇ ಕೈ ಕಟ್ಟತ್ತೆ. ಟೆಲ್ಮಿಸಾರ್ಟನ್ ಎರಡನೇದನ್ನ. ಆ ಎಚ್ ಅಂದ್ರೆ ಹೈಡ್ರೋಕ್ಲೋರೋಥಯಜೈಡ್, ಮೂತ್ರ ಜಾಸ್ತಿ ಮಾಡೋ ಮಾತ್ರೆ, ಅದು ಮೂರನೇ ಕೈ ಕಟ್ಟತ್ತೆ. ಮನೇಲಿ ಕೂತಿರೋ ಮನುಷ್ಯನಿಗೆ ಇದರಿಂದ ಬಿಪಿ ಚೆನ್ನಾಗಿ ಕಂಟ್ರೋಲಿಗೆ ಬರತ್ತೆ, ಅದಕ್ಕೇ ಕೊಡೋದು. ಏಪ್ರಿಲ್ ಬಿಸಿಲಲ್ಲಿ 18 ಕಿಲೋಮೀಟರ್ ಓಡಿ ನಿಂತವನಿಗೆ ಹಿಡ್ಕೊಳ್ಳೋಕೆ ಏನೂ ಉಳಿದಿರಲ್ಲ.

ನಿಮ್ಮ ಡಾಕ್ಟ್ರು ತಪ್ಪು ಬರ್ದಿದಾರೆ ಅಂತ ನಾನು ಹೇಳ್ತಿಲ್ಲ. ಆರು ವರ್ಷದ ಹಿಂದೆ ಅವ್ರ ಮುಂದೆ ಕೂತಿದ್ದು 79 ಕೆಜಿ ಇದ್ದ, ಓಡದೇ ಇದ್ದ, 170/100 ಬಿಪಿ ಇದ್ದ ಬ್ಯಾಂಕ್ ಸಾಹೇಬ್ರು. ಆ ಮನುಷ್ಯನಿಗೆ ಬರೆದ ಚೀಟೀನ 9 ಕೆಜಿ ಇಳಿದಿರೋ, ವಾರಕ್ಕೆ ಮೂವತ್ತು ನಲವತ್ತು ಕಿಲೋಮೀಟರ್ ಓಡೋ ಮನುಷ್ಯ ಅದೇ ಮೆಡಿಕಲ್ ಶಾಪಲ್ಲಿ ತೋರಿಸಿ ಪ್ರತಿ ತಿಂಗಳು ಅದೇ ಎರಡು ಸ್ಟ್ರಿಪ್ ತರ್ತಿದಾನೆ. ಅಲ್ಲಿ ಕೇಳೋರು ಯಾರೂ ಇಲ್ಲ, ನೀವೂ ಹೇಳಿಲ್ಲ. ನನ್ನ ಹತ್ರ ಬರೋ ಓಟಗಾರರಲ್ಲಿ ಹೆಚ್ಚಿನವ್ರು ಬಿಪಿ ಡಾಕ್ಟ್ರಿಗೆ ವಾಕಿಂಗ್ ಮಾಡ್ತೀನಿ ಅಂತಷ್ಟೇ ಹೇಳಿರ್ತಾರೆ, 21 ಕಿಲೋಮೀಟರ್ ಅಂದ್ರೆ ಬೈತಾರೆ ಅಂತ ಭಯ. ಇನ್ನೊಂದು, ಬೇಸಿಗೇಲಿ ಬಿಪಿ ಚಳಿಗಾಲಕ್ಕಿಂತ ಸಹಜವಾಗೇ ಕಮ್ಮಿ ಇರತ್ತೆ, ಡಿಸೆಂಬರಲ್ಲಿ ಸರಿಯಾಗಿದ್ದ ಡೋಸ್ ಏಪ್ರಿಲಲ್ಲಿ ಜಾಸ್ತಿ ಆಗೋದು ಹೊಸದೇನಲ್ಲ.

ಹಂಗಾದ್ರೆ ಇಷ್ಟು ಓಡಿದ್ರೂ ಬಿಪಿ ಯಾಕೆ ಹೋಗಿಲ್ಲ ಅಂದ್ರಿ. ಓಡೋರಿಗೆ ಬಿಪಿ ಬರಲ್ಲ ಅನ್ನೋದು ಗ್ರೂಪುಗಳಲ್ಲಿ ಓಡಾಡೋ ಮಾತು, ನಿಜ ಅಲ್ಲ. ಬಿಪಿ ಇರೋರು ನಿಯಮಿತವಾಗಿ ಓಡೋದು, ಸೈಕಲ್ ಹೊಡಿಯೋದು ಮಾಡಿದ್ರೆ ಮೇಲಿನ ಬಿಪಿ ಸುಮಾರು 5ರಿಂದ 8 ಪಾಯಿಂಟ್ ಇಳಿಯತ್ತೆ, ಅಂದ್ರೆ ಒಂದು ಮಾತ್ರೆಯ ಕೆಲಸಕ್ಕೆ ಹತ್ರ ಹತ್ರ. ತೂಕ ಇಳಿದಿದ್ದು ಇನ್ನಷ್ಟು ಇಳಿಸಿರತ್ತೆ. ಆದ್ರೆ 170ರಿಂದ 130ಕ್ಕೆ ಬರೀ ಓಟ ತರಲ್ಲ. ವಯಸ್ಸಾದಂಗೆ ದೊಡ್ಡ ರಕ್ತನಾಳಗಳು ಹೊಸ ಸೈಕಲ್ ಟ್ಯೂಬ್ ತರ ಹಿಗ್ಗಲ್ಲ, ಹಳೇ ಗಾರ್ಡನ್ ಪೈಪ್ ತರ ಗಟ್ಟಿ ಆಗ್ತವೆ, ಅದಕ್ಕೇ ಮೇಲಿನದು ಏರ್ತಾ ಹೋಗತ್ತೆ ಕೆಳಗಿನದು ಹಂಗೇ ಇರತ್ತೆ. ಅಪ್ಪ ಅಮ್ಮಂಗೆ ಬಿಪಿ ಇದ್ರೆ ಅದೂ ಬರತ್ತೆ. ಉಪ್ಪಿನಕಾಯಿ, ಹಪ್ಪಳ, ರಾತ್ರಿ ಗೊರಕೆ ಹೊಡೆದು ಉಸಿರು ಕಟ್ಟೋದು, ವಾರಕ್ಕೆ ಎರಡು ಪೆಗ್, ಇವನ್ನ ಓಟ ಅಳಿಸಿ ಹಾಕಲ್ಲ. ಹಂಗಂತ ಓಡಿದ್ದು ವೇಸ್ಟ್ ಅಲ್ಲ, ನಿಮ್ಮ ಡೋಸ್ ಇಳಿಸೋ ಮಾತು ಇವತ್ತು ಬರ್ತಾ ಇರೋದೇ ನೀವು ಓಡಿದ್ದಕ್ಕೆ.

ಈಗ ಮೆಟೊಪ್ರೊಲಾಲ್ ಕಥೆ, ಇದನ್ನ ಸ್ವಲ್ಪ ಬಿಡಿಸಿ ಹೇಳ್ಬೇಕು, ಯಾಕಂದ್ರೆ ನಿಮ್ಮ ವಾಚ್ ಮತ್ತು ಕಲ್ಲಾಗೋ ಕಾಲು ಎರಡೂ ಇಲ್ಲೇ ಬರ್ತವೆ. ಇದು ಬೀಟಾ ಬ್ಲಾಕರ್ ಜಾತಿ, ಅಟೆನೊಲಾಲ್, ಬಿಸೊಪ್ರೊಲಾಲ್, ನೆಬಿವೊಲಾಲ್ ಎಲ್ಲ ಇದರ ದಾಯಾದಿಗಳೇ. ಅಡ್ರಿನಲಿನ್ ಬಂದು ಹಾರ್ಟಿಗೆ ಓಡು ಓಡು ಅಂದಾಗ ಆ ಮಾತು ಹಾರ್ಟಿಗೆ ಪೂರ್ತಿ ಕೇಳ್ದಂಗೆ ಮಾಡೋದೇ ಇದರ ಕೆಲಸ. 220ರಲ್ಲಿ ವಯಸ್ಸು ಕಳೀರಿ ಅನ್ನೋ ಲೆಕ್ಕದಲ್ಲಿ ನಿಮ್ಮ ಗರಿಷ್ಠ ಹಾರ್ಟ್ ರೇಟ್ 156 ಬರತ್ತೆ, ವಾಚು ಅದನ್ನೇ ನಂಬ್ಕೊಂಡು ಆರಾಮು, ಜೋರು ಅಂತ ಹಾರ್ಟ್ ರೇಟಿನ ಜೋನ್ ಹಾಕಿರತ್ತೆ. ಆ ಲೆಕ್ಕ ಮೊದಲೇ ಅಂದಾಜಿನದು, ಬೀಟಾ ಬ್ಲಾಕರ್ ತಗೊಳ್ಳೋರಿಗಂತೂ ಅದು ಸುಳ್ಳು. ನಿಮಗೆ 120 ಅಂದ್ರೇನೇ ಹೆಚ್ಚು ಕಮ್ಮಿ ತುದಿ ಇರ್ಬಹುದು. ವಾಚು ನೀವಿನ್ನೂ ಆರಾಮಾಗಿ ಓಡ್ತಿದೀರಿ, ಇನ್ನೂ ಜೋರು ಓಡಿ ಅನ್ನತ್ತೆ, ನೀವು ಅದನ್ನ ನಂಬಿ ಒದ್ದಾಡ್ತೀರಿ. ವಾಚ್ ಜೋನ್ ಆಫ್ ಮಾಡಿ. ಪಕ್ಕದವ್ರ ಜೊತೆ ಮಾತಾಡ್ತಾ ಓಡೋಕಾದ್ರೆ ಸರಿಯಾದ ವೇಗ, ಎರಡು ಪದಕ್ಕೆ ಉಸಿರು ಸಾಲ್ದಿದ್ರೆ ಜಾಸ್ತಿ ಆಯ್ತು, ಅಷ್ಟೇ ಸಾಕು. ಇದೇ ಮಾತ್ರೆ ಕೆಲಸ ಮಾಡೋ ಮಾಂಸಖಂಡಕ್ಕೆ ಹೋಗೋ ರಕ್ತನೂ ಕಮ್ಮಿ ಮಾಡತ್ತೆ, ಕೊಬ್ಬು ಕರಗಿಸಿ ಇಂಧನ ಮಾಡ್ಕೊಳ್ಳೋದಕ್ಕೂ ಸ್ವಲ್ಪ ಅಡ್ಡ ಬರತ್ತೆ, ಕಾಲು ಕಲ್ಲಾಗತ್ತೆ ಅಂತ ಓಟಗಾರರು ಹೇಳೋದು ಸೋಮಾರಿತನಕ್ಕಲ್ಲ. ಓಡಿ ಓಡಿ ಕೂತಾಗಿನ ಬಡಿತ ಮೊದಲೇ 50 ಆಸುಪಾಸು ಇರೋರಿಗೆ ಇದು ಸೇರಿದ್ರೆ ರಾತ್ರಿ 40ಕ್ಕೆ ಇಳಿಯೋದೂ ಉಂಟು.

ನಿಮಗೆ ಇದು ಬೇಕೇ ಬೇಕಾ ಅನ್ನೋದು ನಿಜವಾದ ಪ್ರಶ್ನೆ. ಹಾರ್ಟ್ ಅಟ್ಯಾಕ್ ಆಗಿದ್ರೆ, ಎದೆನೋವಿನ ಕಾಯಿಲೆ ಇದ್ರೆ, ಹಾರ್ಟ್ ಪಂಪಿಂಗ್ ಕಮ್ಮಿ ಇದ್ರೆ, ಬಡಿತದ ತಾಳ ತಪ್ಪೋ ಏಟ್ರಿಯಲ್ ಫಿಬ್ರಿಲೇಶನ್ ಇದ್ರೆ ಬೇಕು, ಅಲ್ಲಿ ಅದು ಜೀವ ಕಾಯೋ ಮಾತ್ರೆ, ರೇಸ್ ಟೈಮಿಂಗಿಗೋಸ್ಕರ ಮುಟ್ಟೋ ಹಂಗಿಲ್ಲ. ಬರೀ ಬಿಪಿಗೆ ಅಂತಾದ್ರೆ, ಅದ್ರಲ್ಲೂ ಅರವತ್ತು ದಾಟಿದವ್ರಿಗೆ, ಇದು ಸಾಮಾನ್ಯವಾಗಿ ನಮ್ಮ ಮೊದಲ ಆಯ್ಕೆ ಅಲ್ಲ. 2002ರಲ್ಲಿ ಬಂದ ಲೈಫ್ ಅನ್ನೋ ಸ್ಟಡೀಲಿ, ಬಿಪಿ ಜೊತೆ ಹಾರ್ಟಿನ ಗೋಡೆ ದಪ್ಪ ಆಗಿದ್ದ 9,193 ಜನರಲ್ಲಿ ಅರ್ಧ ಜನಕ್ಕೆ ಅಟೆನೊಲಾಲ್, ಅರ್ಧ ಜನಕ್ಕೆ ಟೆಲ್ಮಿಸಾರ್ಟನ್ ಜಾತಿಯ ಲೊಸಾರ್ಟನ್ ಕೊಟ್ಟು ನೋಡಿದ್ರು, ಬಿಪಿ ಎರಡರಲ್ಲೂ ಒಂದೇ ತರ ಇಳೀತು ಆದ್ರೆ ಸ್ಟ್ರೋಕ್ ಲೊಸಾರ್ಟನ್ ಗುಂಪಲ್ಲಿ ಸುಮಾರು ಕಾಲು ಭಾಗ ಕಮ್ಮಿ. ಯಾವ ಕಾರಣಕ್ಕೆ ನಿಮಗೆ ಬರೆದ್ರು ಅಂತ ಡಾಕ್ಟ್ರನ್ನ ಕೇಳಿ, ಕೇಳೋದು ತಪ್ಪಲ್ಲ. ಆದ್ರೆ ದಯವಿಟ್ಟು ನೀವೇ ನಾಳೆಯಿಂದ ನಿಲ್ಲಿಸ್ಬೇಡಿ. ವರ್ಷಗಟ್ಟಲೆ ಮಾತು ಕೇಳ್ದಂಗೆ ಮಾಡಿದ್ದ ಹಾರ್ಟಿಗೆ ಕಿವಿ ಒಂದೇ ಸಲ ತೆರೆದ್ರೆ ಅದು ಅಡ್ರಿನಲಿನ್ನಿನ ಪಿಸುಮಾತಿಗೂ ಕುಣಿಯತ್ತೆ, ಬಿಪಿ ಏರತ್ತೆ, ಗೊತ್ತಿಲ್ದೇ ಒಳಗೆ ಬ್ಲಾಕ್ ಇದ್ದವ್ರಿಗೆ ಎದೆನೋವು, ಅಟ್ಯಾಕ್ ಕೂಡ ಆಗ್ಬಹುದು. ಇಳಿಸೋದಾದ್ರೆ ಡೋಸ್ ಅರ್ಧ ಮಾಡ್ಕೊಂಡು ವಾರಗಟ್ಟಲೆ ನಿಧಾನಕ್ಕೆ, ಡಾಕ್ಟ್ರು ನೋಡ್ತಾ ಇರೋವಾಗ.

ಅದಕ್ಕೇ ರೇಸ್ ದಿನ ಮಾತ್ರೆ ಬಿಡಿ ಅನ್ನೋ ಗ್ರೂಪಿನ ಸಲಹೆ ನಂಗೆ ಭಯ ಹುಟ್ಸೋದು. ಮೆಟೊಪ್ರೊಲಾಲನ್ನ ಬೇರೆ ದಿನ ಎಲ್ಲ ತಗೊಂಡು ವರ್ಷದಲ್ಲೇ ಅತಿ ಹೆಚ್ಚು ಹಾರ್ಟ್ ದುಡಿಯೋ ದಿನ ಬಿಡೋದು ಅಂದ್ರೆ ಬ್ರೇಕ್ ವೈರ್ ಕಿತ್ತಿಟ್ಟು ಘಾಟಿ ಇಳಿದಂಗೆ. ಟೆಲ್ಮಿಸಾರ್ಟನ್ ಒಂದು ದಿನ ಬಿಟ್ರೆ ಅಂಥ ಅಪಾಯ ಇಲ್ಲ, ಲಾಭನೂ ಇಲ್ಲ, ಅದು 24 ಗಂಟೆಗಿಂತ ಜಾಸ್ತಿ ಮೈಯಲ್ಲಿರತ್ತೆ. ಎಚ್ ಇದೆಯಲ್ಲ, ಅದನ್ನ ಮಾತ್ರ ಲಾಂಗ್ ರನ್ ದಿನ ಬೆಳಗ್ಗೆ ತಗೋಬೇಡಿ ಅಂತ ನಾನೂ ಕೆಲವ್ರಿಗೆ ಹೇಳೋದುಂಟು. ಆದ್ರೆ ನಿಮ್ಮದು ಎರಡೂ ಒಂದೇ ಮಾತ್ರೇಲಿ ಸೇರಿರೋದ್ರಿಂದ ಬೇರೆ ಮಾಡೋಕಾಗಲ್ಲ, ಅದು ಈ ಕಾಂಬಿನೇಶನ್ ಮಾತ್ರೆಗಳ ತಲೆನೋವು. ಓದ್ತಾ ಇರೋ ಬೇರೆಯವ್ರೂ ಸ್ಟ್ರಿಪ್ ತಿರುಗಿಸಿ ನೋಡಿ, ಬ್ರಾಂಡ್ ಹೆಸರಿನ ಕೊನೇಲಿ ಎಚ್ ಇದ್ರೆ ಸಾಮಾನ್ಯವಾಗಿ ಹೈಡ್ರೋಕ್ಲೋರೋಥಯಜೈಡ್, ಸಿಟಿ ಇದ್ರೆ ಕ್ಲೋರ್ಥಾಲಿಡೋನ್, ಇವೆರಡೂ ಮೂತ್ರದ ಮಾತ್ರೆ, ಎಎಂ ಇದ್ರೆ ಅಮ್ಲೋಡಿಪಿನ್. ಅಕ್ಷರ ನಂಬ್ಕೊಂಡು ಕೂರ್ಬೇಡಿ, ಹಿಂದೆ ಸಣ್ಣ ಅಕ್ಷರದಲ್ಲಿ ಪೂರ್ತಿ ಹೆಸರು ಇರತ್ತೆ, ಕನ್ನಡಕ ಹಾಕ್ಕೊಂಡು ಓದಿ.

ಓಡೋರ ವಿಷ್ಯದಲ್ಲಿ ನಂಗೆ ಹೆಚ್ಚು ತಲೆ ಬಿಸಿ ಮಾಡೋದು ಈ ಮೂತ್ರದ ಮಾತ್ರೇನೇ. ನೀರು ಕಮ್ಮಿ ಆಗೋದು ಎಲ್ರಿಗೂ ಹೊಳೆಯತ್ತೆ. ಹೊಳೆಯದೇ ಇರೋದು ಸೋಡಿಯಂ ಕಮ್ಮಿ ಆಗೋದು. ಇದು ಮೂತ್ರದಲ್ಲಿ ಉಪ್ಪು ಕಳ್ಸತ್ತೆ, ಮೂತ್ರ ತೆಳು ಮಾಡಿ ಹೆಚ್ಚುವರಿ ನೀರು ಹೊರಗೆ ಹಾಕೋ ಕಿಡ್ನಿಯ ಶಕ್ತೀನೂ ಕಮ್ಮಿ ಮಾಡತ್ತೆ, ವಯಸ್ಸಾದವ್ರಲ್ಲಿ, ಹೆಂಗಸರಲ್ಲಿ, ಸಣ್ಣ ಮೈಕಟ್ಟಿನವ್ರಲ್ಲಿ ಇದು ಹೆಚ್ಚು. ಈಗ ಅಂಥವ್ರು ಬಿಪಿ ಇದೆ ಅಂತ ಉಪ್ಪು ಬಿಟ್ಟು, ಓಡ್ತೀನಿ ಅಂತ ಸಿಕ್ಕ ಸ್ಟಾಲಲ್ಲೆಲ್ಲ ಬರೀ ನೀರು ಕುಡಿದ್ರೆ? 2002ರ ಬಾಸ್ಟನ್ ಮ್ಯಾರಥಾನಲ್ಲಿ 488 ಓಟಗಾರರ ರಕ್ತ ಟೆಸ್ಟ್ ಮಾಡಿದ್ರು, ಅದ್ರಲ್ಲಿ ನೂರಕ್ಕೆ 13 ಜನರ ಸೋಡಿಯಂ ಕಮ್ಮಿ ಇತ್ತು, ಓಡ್ತಾ ಓಡ್ತಾ ತೂಕ ಏರಿದವ್ರಲ್ಲೇ ಹೆಚ್ಚು, ಅಂದ್ರೆ ಬೆವರಿದ್ದಕ್ಕಿಂತ ಜಾಸ್ತಿ ಕುಡಿದವ್ರಲ್ಲಿ. ಸಾಮಾನ್ಯ ಓಟಗಾರರಲ್ಲೇ ಹಿಂಗೆ. ತಲೆನೋವು, ವಾಕರಿಕೆ, ಬೆರಳು ಊದಿ ಉಂಗುರ ಬಿಗಿ ಆಗೋದು, ಮಾತು ತಡವರಿಸೋದು, ಇವು ಕಂಡ್ರೆ ಸುತ್ತ ಇರೋರು ಪಾಪ ಡಿಹೈಡ್ರೇಶನ್ ಅಂತ ಇನ್ನೂ ಎರಡು ಬಾಟಲಿ ನೀರು ಕುಡಿಸ್ತಾರೆ, ಅದು ಬೆಂಕಿಗೆ ತುಪ್ಪ. ಸುಲಭದ ಪರೀಕ್ಷೆ ಒಂದಿದೆ, ಲಾಂಗ್ ರನ್ ಮುಂಚೆ ಒಂದು ಸಲ, ಮುಗಿಸಿ ಬೆವರು ಒರೆಸ್ಕೊಂಡು ಒಂದು ಸಲ ತೂಕ ನೋಡಿ. 70 ಇದ್ದಿದ್ದು 69 ಆದ್ರೆ ಸರಿ, 68ಕ್ಕಿಂತ ಕೆಳಗೆ ಹೋದ್ರೆ ಕುಡಿದಿದ್ದು ಸಾಲ್ದು, 70ರ ಮೇಲೆ ಹೋದ್ರೆ ಮುಂದಿನ ಸಲ ಕಮ್ಮಿ ಕುಡೀರಿ.

ಮೀನಖಂಡ ಹಿಡ್ಕೊಳ್ಳೋದಕ್ಕೂ ಎಲ್ರೂ ಮಾತ್ರೇನೇ ಬೈತಾರೆ. ಮೂತ್ರದ ಮಾತ್ರೆಯಿಂದ ಪೊಟ್ಯಾಷಿಯಂ ಕಮ್ಮಿ ಆಗಿ ಹಂಗಾಗೋದು ಉಂಟು, ಆದ್ರೆ ಟೆಲ್ಮಿಸಾರ್ಟನ್ ಅದನ್ನ ಹಿಡಿದಿಡೋದ್ರಿಂದ ನಿಮ್ಮಲ್ಲಿ ಆ ಸಾಧ್ಯತೆ ಕಮ್ಮಿ. 15 ಕಿಲೋಮೀಟರ್ ಆದ್ಮೇಲೆನೇ ಹಿಡಿಯೋದು ಅಂದ್ರೆ ಹೆಚ್ಚಾಗಿ ದಣಿದ ಕಾಲು, ವಾಚ್ ಮಾತು ಕೇಳಿ ಜಾಸ್ತಿ ವೇಗ ಓಡಿದ್ದು. ಕೊಲೆಸ್ಟ್ರಾಲ್‌ಗೆ ಸ್ಟಾಟಿನ್ ತಗೊಳ್ತಿದ್ರೆ ಅದನ್ನೂ ಡಾಕ್ಟ್ರಿಗೆ ಹೇಳಿ.

ಈಗ ನೀವು ಅಷ್ಟೇ, ಬೇರೆ ಏನೂ ಇಲ್ಲ ಅಂತ ಕೊನೇಲಿ ಸೇರಿಸಿದ ಡೈಕ್ಲೋಫೆನಾಕ್. ಇಡೀ ಪತ್ರದಲ್ಲಿ ನಾನು ಇವತ್ತೇ ನಿಲ್ಲಿಸಿ ಅಂತ ಹೇಳೋದು ಇದೊಂದನ್ನೇ. ಕಿಡ್ನಿಯ ಒಳಗೆ ಸೋಸೋ ಜಾಲರಿ ಇದೆ, ಅದಕ್ಕೆ ರಕ್ತ ಬರೋ ಬಾಗಿಲೊಂದು, ಹೋಗೋ ಬಾಗಿಲೊಂದು. ನೀರು ಕಮ್ಮಿ ಆದಾಗ ಬರೋ ಬಾಗಿಲನ್ನ ತೆಗೆದಿಟ್ಟು ಹೋಗೋ ಬಾಗಿಲನ್ನ ಅರ್ಧ ಮುಚ್ಚಿ ಒಳಗೆ ಒತ್ತಡ ಉಳಿಸ್ಕೊಂಡು ಕಿಡ್ನಿ ಕೆಲಸ ನಡೆಸತ್ತೆ. ಡೈಕ್ಲೋಫೆನಾಕ್, ಐಬುಪ್ರೊಫೆನ್, ಅಸೆಕ್ಲೋಫೆನಾಕ್ ತರದವು ಬರೋ ಬಾಗಿಲನ್ನ ಮುಚ್ತವೆ. ಟೆಲ್ಮಿಸಾರ್ಟನ್ ಹೋಗೋ ಬಾಗಿಲನ್ನ ತೆಗೆದೇ ಇಡತ್ತೆ. ಮೂತ್ರದ ಮಾತ್ರೆ ಮತ್ತು ಬೆವರು ಸೇರಿ ಬರೋ ರಕ್ತನೇ ಕಮ್ಮಿ ಮಾಡ್ತವೆ. ಮೂರೂ ಒಂದೇ ಬೆಳಗ್ಗೆ ಸೇರಿದ್ರೆ ಒಂದೇ ದಿನದಲ್ಲಿ ಕಿಡ್ನಿ ಕೈಕೊಡಬಹುದು, ಇದು ಬಿಪಿ ನೋಡೋ ಡಾಕ್ಟ್ರಿಗೆಲ್ಲ ಗೊತ್ತಿರೋ ತ್ರಿಕೂಟ. ಸಾಲ್ದು ಅಂತ ಈ ನೋವಿನ ಮಾತ್ರೆಗಳು ಬಿಪಿನೂ ಏರಿಸ್ತವೆ, ಬಿಪಿ ಮಾತ್ರೆ ಕೆಲಸನೂ ಕೆಡಿಸ್ತವೆ. ಮಂಡಿ ನೋವಿಗೆ ತೊಡೆ ಗಟ್ಟಿ ಮಾಡೋ ವ್ಯಾಯಾಮ, ಫಿಸಿಯೋ, ತೀರಾ ಬೇಕಾದ್ರೆ ಓಡಿದ ಮೇಲೆ ಪ್ಯಾರಾಸಿಟಮಾಲ್. ಮಾತ್ರೆ ನುಂಗಿದ್ರೆ ಮಾತ್ರ ಓಡೋಕಾಗತ್ತೆ ಅನ್ನೋ ಮಂಡಿ ಇದ್ರೆ ಆ ದಿನ ಓಡ್ಬಾರ್ದು.

ಸರ್ಪಗಂಧದ ಬಗ್ಗೆ ನಗು ಬರತ್ತೆ, ಯಾಕಂದ್ರೆ ಅದು ಡೂಪ್ಲಿಕೇಟ್ ಔಷಧಿ ಅಲ್ಲ, ಪಕ್ಕಾ ಬಿಪಿ ಔಷಧಿ. ಬಾಂಬೆಯ ಡಾಕ್ಟರ್ ರುಸ್ತಮ್ ಜಾಲ್ ವಕೀಲ್ 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲಲ್ಲಿ ಬರೆದ ಮೇಲೆ ಇಡೀ ಪ್ರಪಂಚ ಅದನ್ನ ಬಿಪಿಗೆ ಬಳಸ್ತು, ಅದರಿಂದ ತೆಗೆದ ರೆಸರ್ಪಿನ್ ಮಾತ್ರೆ ವರ್ಷಗಟ್ಟಲೆ ಓಡ್ತು. ಹಿಂದೆ ಸರಿದಿದ್ದಕ್ಕೆ ಒಂದು ಕಾರಣ ಸೈಡ್ ಎಫೆಕ್ಟೇ, ಮನಸ್ಸು ಕುಗ್ಗೋದು, ಹಾರ್ಟ್ ಬಡಿತ ನಿಧಾನ ಆಗೋದು, ಮೂಗು ಕಟ್ಟೋದು. ಮೆಟೊಪ್ರೊಲಾಲ್ ಮೇಲೆ ಅದನ್ನ ಅಳತೆ ಇಲ್ಲದ ಪುಡಿ ರೂಪದಲ್ಲಿ ಹಾಕ್ಕೊಂಡ್ರೆ ಬಡಿತ ಎಲ್ಲಿಗೆ ಇಳಿಯತ್ತೋ ನಾನು ಹೇಳಲಾರೆ.

ಮುಂದಿನ ದಾರಿ ಏನು ಅಂದ್ರೆ, ಮೊದ್ಲು ಎರಡು ವಾರ ಮನೇಲಿ ಬಿಪಿ ಬರ್ದಿಡಿ. ತೋಳಿಗೆ ಕಟ್ಟೋ ಮಿಷನ್, ಕೈಬೆರಳಿಂದು, ವಾಚಿಂದು ಬೇಡ. ಬೆಳಗ್ಗೆ ಮಾತ್ರೆಗೆ ಮುಂಚೆ, ರಾತ್ರಿ ಊಟಕ್ಕೆ ಮುಂಚೆ, ಐದು ನಿಮಿಷ ಸುಮ್ನೆ ಕೂತು ಎರಡೆರಡು ಸಲ. ಮನೇಲಿ ಸರಾಸರಿ 135/85 ಒಳಗೆ ಇದ್ರೆ ಕಂಟ್ರೋಲಲ್ಲಿದೆ ಅಂತ. ಆಮೇಲೆ ಎದ್ದು ನಿಂತು ಒಂದು ನಿಮಿಷಕ್ಕೆ, ಮೂರು ನಿಮಿಷಕ್ಕೆ ನೋಡಿ, ಮೇಲಿನದು 20 ಅಥವಾ ಕೆಳಗಿನದು 10 ಇಳಿದ್ರೆ ಅದನ್ನ ಕೆಂಪು ಪೆನ್ನಲ್ಲಿ ಬರೀರಿ. ರಿಪೋರ್ಟೆಲ್ಲ ಸರಿ ಬಂದ ಮೇಲೆ ಒಂದು ಲಾಂಗ್ ರನ್ ಆದ ಅರ್ಧ ಗಂಟೆಗೂ ನೋಡಿ. ನನ್ನ ಅಂದಾಜು ನಿಮ್ಮದು ಕೂತಾಗ 110 ಆಸುಪಾಸು, ಓಡಿದ ಮೇಲೆ 95ರ ಹತ್ರ ಬರತ್ತೆ, ತಪ್ಪಾಗಿದ್ರೆ ಸಂತೋಷ. ಈ ಹಾಳೆ, ಜೊತೆಗೆ ಸೋಡಿಯಂ, ಪೊಟ್ಯಾಷಿಯಂ, ಕಿಡ್ನಿ ಹೆಂಗಿದೆ ಅಂತ ತೋರಿಸೋ ಕ್ರಿಯಾಟಿನಿನ್ ರಿಪೋರ್ಟ್ ಹಿಡ್ಕೊಂಡು ಹೋಗಿ 21 ಕಿಲೋಮೀಟರ್ ಅಂತ ಬಾಯಿಬಿಟ್ಟು ಹೇಳಿ.

ಅಲ್ಲಿ ಮಾತಾಡೋಕೆ ಮೂರ್ನಾಲ್ಕು ದಾರಿ ಇದಾವೆ. ನಂಗೆ ಹೆಚ್ಚು ಇಷ್ಟ ಆಗೋದು ಎಚ್ ತೆಗೆದು ಬರೀ ಟೆಲ್ಮಿಸಾರ್ಟನ್ ಉಳಿಸ್ಕೊಂಡು, ಮೆಟೊಪ್ರೊಲಾಲನ್ನ ನಿಧಾನಕ್ಕೆ ಇಳಿಸೋದು. ಅಪಾಯ ಏನಂದ್ರೆ ಬಿಪಿ ಮತ್ತೆ ಏರ್ಬಹುದು, ಹಂಗಾಗಿ ಪ್ರತಿ ಬದಲಾವಣೆಗೆ ಎರಡ್ಮೂರು ವಾರ ಕೊಟ್ಟು ನೋಡ್ಬೇಕು, ಒಂದು ಸಲಕ್ಕೆ ಒಂದೇ ಮಾತ್ರೆ. ಏರಿದ್ರೆ ಅಮ್ಲೋಡಿಪಿನ್ ಸಣ್ಣ ಡೋಸ್ ಸೇರಿಸ್ಬಹುದು, ಅದು ಹಾರ್ಟ್ ರೇಟ್ ತಡೆಯಲ್ಲ, ಉಪ್ಪು ನೀರು ಕೆಡಿಸಲ್ಲ, ಓಡೋರಿಗೆ ಹೊಂದ್ಕೊಳ್ಳತ್ತೆ, ಆದ್ರೆ ಸಂಜೆಗೆ ಪಾದ ಊದಿ ಶೂ ಬಿಗಿ ಆಗ್ಬಹುದು. ಎರಡೂ ಕಾಲು ಸಮ ಊದಿ ಬೆಳಗ್ಗೆಗೆ ಇಳಿದ್ರೆ ಅದು ಸಾಮಾನ್ಯವಾಗಿ ಮಾತ್ರೆದೇ, ಕಿಡ್ನಿ ಹೋಯ್ತು ಅಂತ ಹೆದರ್ಬೇಡಿ, 10ರಿಂದ 5ಕ್ಕೋ 2.5ಕ್ಕೋ ಇಳಿಸಿದ್ರೆ ಕಮ್ಮಿ ಆಗತ್ತೆ. ಬೀಟಾ ಬ್ಲಾಕರ್ ಬೇಕೇ ಬೇಕು ಅಂತಾದ್ರೆ ನೆಬಿವೊಲಾಲ್ ಬಗ್ಗೆ ಕೇಳಿ, ಓಟದ ಮೇಲೆ ಅದರ ಹೊಡೆತ ಸ್ವಲ್ಪ ಕಮ್ಮಿ ಇರತ್ತೆ. ಡಾಕ್ಟ್ರು ಯಾವುದನ್ನೂ ಬದಲಿಸ್ಬಾರ್ದು ಅಂದ್ರೆ ಟೈಮ್ ಬದಲಿಸೋಕಾಗತ್ತಾ ಕೇಳಿ. ಬ್ರಿಟನ್ನಲ್ಲಿ 21,000ಕ್ಕೂ ಹೆಚ್ಚು ಜನರ ಮೇಲೆ ನಡೆದು 2022ರಲ್ಲಿ ಬಂದ ಸ್ಟಡಿ ಪ್ರಕಾರ ಬಿಪಿ ಮಾತ್ರೆ ಬೆಳಗ್ಗೆ ತಗೊಂಡ್ರೂ ರಾತ್ರಿ ತಗೊಂಡ್ರೂ ಹಾರ್ಟ್ ಅಟ್ಯಾಕ್, ಸ್ಟ್ರೋಕ್ ವಿಷ್ಯದಲ್ಲಿ ವ್ಯತ್ಯಾಸ ಇಲ್ಲ. ಹಂಗಾಗಿ ಬೆಳಗ್ಗೆ ಓಡೋರು ಟೆಲ್ಮಿಸಾರ್ಟನ್ ರಾತ್ರಿಗೆ ಹಾಕ್ಕೋಬಹುದು. ಮೂತ್ರದ ಮಾತ್ರೆ ಮಾತ್ರ ರಾತ್ರಿ ಬೇಡ, ಎರಡು ಗಂಟೆಗೆ ನಿದ್ದೆಗಣ್ಣಲ್ಲಿ ಎದ್ದು ಬಚ್ಚಲಿಗೆ ಹೋಗೋವಾಗ ಬಿದ್ದು ಸೊಂಟ ಮುರ್ಕೊಂಡವ್ರನ್ನ ನೋಡಿದೀನಿ. ಪ್ರಾಸ್ಟೇಟ್‌ಗೆ ಟ್ಯಾಮ್ಸುಲೋಸಿನ್ ಏನಾದ್ರೂ ತಗೊಳ್ತಿದ್ರೆ ಅದನ್ನ ಮುಚ್ಚಿಡ್ಬೇಡಿ, ಅದೂ ಎದ್ದು ನಿಂತಾಗ ಬಿಪಿ ಬೀಳ್ಸತ್ತೆ. ಮಾಸ್ಟರ್ಸ್ ಮೀಟ್‌ಗೆ, ಅಂದ್ರೆ ವಯಸ್ಸಾದ ಕ್ರೀಡಾಪಟುಗಳ ಸ್ಪರ್ಧೆಗೆ, ಹೋಗೋರಿಗೆ ಒಂದು ಮಾತು, ಮೂತ್ರದ ಮಾತ್ರೆಗಳು ಡೋಪಿಂಗ್ ನಿಷೇಧದ ಪಟ್ಟೀಲಿವೆ, ಡಾಕ್ಟ್ರು ಕೊಟ್ಟಿದ್ದಾದ್ರೂ ಮುಂಚೆನೇ ಅನುಮತಿ ಬೇಕು.

ಲಾಂಗ್ ರನ್ ದಿನ ಹೆಂಗಿರ್ಬೇಕು ಅಂದ್ರೆ, ಮುಗಿದ ತಕ್ಷಣ ನಿಲ್ಬೇಡಿ, ಹತ್ತು ಹದಿನೈದು ನಿಮಿಷ ನಡೀರಿ. ತಲೆ ಹಗುರ ಅನ್ಸಿದ್ರೆ ಮರ್ಯಾದೆ ನೋಡ್ದೇ ರಸ್ತೆ ಬದೀಲೇ ಮಲಗಿ ಕಾಲು ಕಟ್ಟೆ ಮೇಲಿಡಿ. ತಿಂಡಿ ಕೂತ್ಕೊಂಡು. ಮನೆಗೆ ಬಂದ ತಕ್ಷಣ ಹಂಡೆ ಬಿಸಿನೀರು ಸುರ್ಕೋಬೇಡಿ, ಬಿಸಿಗೆ ರಕ್ತನಾಳ ಇನ್ನೂ ತೆರ್ಕೊಳ್ಳತ್ತೆ, ಉಗುರು ಬೆಚ್ಚಗೆ ಸಾಕು, ಬಚ್ಚಲಲ್ಲಿ ಒಂದು ಸ್ಟೂಲ್ ಇರ್ಲಿ, ಚಿಲಕ ಹಾಕ್ಬೇಡಿ. ಒಂದು ಗಂಟೆ ಮೀರಿದ ಓಟಕ್ಕೆ ಬರೀ ನೀರಿನ ಬದಲು ಒಂದು ಲೀಟರ್‌ಗೆ ಒಂದು ಪ್ಯಾಕೆಟ್ ಓಆರ್‌ಎಸ್ ಕಲಸಿ ಗುಟುಕು ಗುಟುಕು ಕುಡೀರಿ, ಅದ್ರಲ್ಲಿರೋ 2.6 ಗ್ರಾಂ ಉಪ್ಪು ಬೆವರಲ್ಲಿ ಹೋದ ಉಪ್ಪಿಗೆ ಬದಲು, ಅದರಿಂದ ನಿಮ್ಮ ಬಿಪಿ ಏರಲ್ಲ. ಓಡದ ದಿನ ಮಾತ್ರ ಅದನ್ನ ಜ್ಯೂಸ್ ತರ ಕುಡೀಬೇಡಿ. ಎಳನೀರು ಒಂದು ಕುಡೀರಿ, ಖುಷಿಗೆ, ಆದ್ರೆ ಅದ್ರಲ್ಲಿ ಪೊಟ್ಯಾಷಿಯಂ ಜಾಸ್ತಿ ಸೋಡಿಯಂ ಕಮ್ಮಿ, ಟೆಲ್ಮಿಸಾರ್ಟನ್ ತಗೊಳ್ಳೋರು ಮೂರು ನಾಲ್ಕು ಎತ್ತೋದು, ಜೊತೆಗೆ ಬಿಪಿಗೆ ಒಳ್ಳೇದು ಅಂತ ಮಾರೋ, ಸೋಡಿಯಂ ಬದಲು ಪೊಟ್ಯಾಷಿಯಂ ಸೇರಿಸಿರೋ ಲೋ ಸೋಡಿಯಂ ಉಪ್ಪು ಬಳಸೋದು, ಇವೆರಡೂ ಸೇರಿದ್ರೆ ಪೊಟ್ಯಾಷಿಯಂ ಅತಿ ಆಗಿ ಹಾರ್ಟಿಗೇ ತೊಂದ್ರೆ. ವಾಂತಿ ಭೇದಿ ಆದ ದಿನ ಟೆಲ್ಮಿಸಾರ್ಟನ್, ಎಚ್ ಎರಡನ್ನೂ ತಗೋಬೇಕಾ ಅಂತ ಡಾಕ್ಟ್ರಿಗೆ ಫೋನ್ ಮಾಡಿ ಕೇಳಿ, ಸಾಮಾನ್ಯವಾಗಿ ಸರಿಹೋಗೋವರೆಗೆ ನಿಲ್ಲಿಸಿ ಅಂತೀವಿ, ಓಟ ಅಂತೂ ಬೇಡವೇ ಬೇಡ.

ಮನೆಯವ್ರಿಗೆ ಹೇಳಿ, ಓಟ ಪೂರ್ತಿ ನಿಲ್ಲಿಸಿದ್ರೆ ತೂಕ ಬರತ್ತೆ, ಬಿಪಿ ಏರತ್ತೆ, ಮತ್ತೊಂದು ಮಾತ್ರೆ ಸೇರತ್ತೆ, ಅದು ಅವ್ರಿಗೂ ಬೇಡ. ಆದ್ರೆ ಇಸಿಜಿ, ಎಕೋ, ರಕ್ತದ ರಿಪೋರ್ಟ್ ಬರೋವರೆಗೆ ಶೂ ಅವ್ರ ಹತ್ರನೇ ಇರ್ಲಿ, ಕೆರೆ ಸುತ್ತ ನಡಿಯೋಕೆ ಹಳೇ ಚಪ್ಪಲಿ ಸಾಕು. ಆರು ವಾರದ ರೇಸ್ ಬಗ್ಗೆ ನನ್ನ ಅಭಿಪ್ರಾಯ ಕೇಳಿದ್ರೆ, ಮಾತ್ರೆ ಬದಲಾಗ್ತಾ ಇರೋ ಹೊತ್ತಲ್ಲಿ 21 ಬೇಡ, ಅದೇ ಈವೆಂಟಲ್ಲಿ 10 ಇದ್ರೆ ಅದಕ್ಕೆ ಬದಲಿಸ್ಕೊಳ್ಳಿ, ಇಲ್ಲಾಂದ್ರೆ ಹೆಸರು ಕೊಟ್ಟ ದುಡ್ಡು ಹೋಗ್ಲಿ. ರಿಪೋರ್ಟಲ್ಲಿ ಸೋಡಿಯಂ 130ಕ್ಕಿಂತ ಕಮ್ಮಿ ಬಂದ್ರೆ ಅಪಾಯಿಂಟ್‌ಮೆಂಟ್‌ಗೆ ಕಾಯ್ಬೇಡಿ, ಅವತ್ತೇ ಹೋಗಿ.